ಅವ್ವ ನಡೆದು ಇಳಿದ ಇಳಿಜಾರು

ನಿನ್ನೆ ಅಫಜಲಪುರದ ದಾರಿಯಲ್ಲಿ ಮುಂದಿದ್ದ ಲಾರಿಯ ಬ್ರೇಕ್ ಕಾದು ಸುಟ್ಟ ವಾಸನೆ ಬಂತು. ಥಟ್ಟನೆ ಅಪ್ಪನ ಜೀಪು ನೆನಪಾಯಿತು.

ಚೌಡಾಪುರದಿಂದ ಅಫಜಲಪುರಕ್ಕೆ ಅಪ್ಪ ಆ ಜೀಪಿನಲ್ಲಿ ಬಾಡಿಗೆಗೆ ಜನರನ್ನು ತುಂಬಿಕೊಂಡು ಹೋಗುತ್ತಿದ್ದ. ಸಂತೆಯ ದಿನ ಅವ್ವನೂ ನಾನೂ ಅದರಲ್ಲೇ. ಹಳ್ಳದ ಇಳಿಜಾರು ಬಂದರೆ ಸಾಕು, ಅಪ್ಪ ಗೇರು ತೆಗೆದು ನ್ಯೂಟ್ರಲ್ ಮಾಡುತ್ತಿದ್ದ. "ಡೀಸೆಲ್ ಉಳೀತದ" ಎನ್ನುತ್ತಿದ್ದ. ಎಂಜಿನ್ನಿನ ಹಿಡಿತವಿಲ್ಲದ ಜೀಪು ಬರೀ ಬ್ರೇಕಿನ ಮೇಲೆ ಇಳಿಯುತ್ತಿತ್ತು. ಒಳಗೆಲ್ಲ ಇದೇ ವಾಸನೆ.

ಅವ್ವ ಹೆದರುತ್ತಿದ್ದಳು. "ಗೇರಿನ್ಯಾಗ ಹೊಡೀರಿ, ಇಲ್ಲಂದ್ರ ನಾವು ನಡಕೋತ ಬರ್ತೇವಿ."

ಅಷ್ಟು ಮಂದಿಯ ಎದುರು ಅಪ್ಪನಿಗೆ ಅವಮಾನ. "ಗಾಡಿ ನಾ ಹೊಡೀತೇನೋ, ನೀ ಹೊಡೀತಿಯೋ? ಇಳಿ ಕೆಳಗ!"

ಅವ್ವ ನನ್ನ ಕೈ ಹಿಡಿದು ಇಳಿದೇಬಿಡುತ್ತಿದ್ದಳು. ಕಾದ ಡಾಂಬರಿಗೆ ಚಪ್ಪಲಿ ಅಂಟುತ್ತಿದ್ದವು. ಕೆಳಗೆ ಜೀಪು ಕಾಯುತ್ತಿತ್ತು, ಒಳಗಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಮನೆ ಮುಟ್ಟಿದರೂ ಇಬ್ಬರ ನಡುವೆ ಮಾತಿರುತ್ತಿರಲಿಲ್ಲ. ನನಗೆ ಆ ಇಳಿಜಾರಿಗಿಂತ ಅವರ ಮೌನದ ಭಯವೇ ಹೆಚ್ಚು.

ಅವ್ವ ಈಗಿಲ್ಲ. ನಿನ್ನೆ ಕಾರು ಓಡಿಸುತ್ತಿದ್ದವಳು ನಾನು, ಪಕ್ಕದಲ್ಲಿ ಅಪ್ಪ. ಅದೇ ಇಳಿಜಾರಿನಲ್ಲಿ, "ನ್ಯೂಟ್ರಲ್ ಮಾಡವ್ವಾ, ಎಣ್ಣಿ ಉಳೀತದ" ಎಂದ.

ತಡೆಯಲಾಗದೆ ಹೇಳಿಬಿಟ್ಟೆ. "ಅಪ್ಪಾ, ಗೇರಿನ್ಯಾಗ ಇಳಿಯುವಾಗ ಎಂಜಿನ್ ಎಣ್ಣಿ ಕುಡ್ಯಂಗೇ ಇಲ್ಲ. ಕುಡಿಯೂದು ನ್ಯೂಟ್ರಲ್‌ದಾಗ. ನಿನ್ನ ಜೀಪೂ ಹಂಗೇ ಇತ್ತು."

ಅವ್ವ ನಡೆಯುತ್ತಿದ್ದ ರಸ್ತೆಯ ಅಂಚಿನತ್ತ ಅಪ್ಪ ತಿರುಗಿದ. ಆಮೇಲೆ ಕೇಳಿದ:

"ಹಂಗಾರ ನಿಮ್ಮವ್ವ ಅಷ್ಟು ವರ್ಷ ಸುಮ್‌ಸುಮ್ನ ನಡದ್ಳೇನವ್ವಾ?"