ಶಶಿಕಲಾ ಮೇಡಂ ಅವರ ಫೋನು

ಕಡಬದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಶಶಿಕಲಾ ಹತ್ತೊಂಬತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದಳು. ಅದರಲ್ಲಿ ಕೊನೆಯ ಎರಡು ವರ್ಷ, ಬೋರ್ಡಿನ ಮೇಲೆ ತಾನೇ ಬರೆದದ್ದು ಅವಳಿಗೆ ಕಾಣುತ್ತಿರಲಿಲ್ಲ.

ಅದು ತಾಯಿಯ ಕಡೆಯಿಂದ ಬಂದ ಕಾಯಿಲೆ. ಮೊದಲು ಕತ್ತಲಲ್ಲಿ ಕಾಣದಾಗುತ್ತದೆ, ಆಮೇಲೆ ಅಕ್ಕಪಕ್ಕ ಮಸುಕಾಗುತ್ತದೆ, ಕೊನೆಗೆ ನಡುವೆ ಕಿಟಕಿಯಷ್ಟು ಉಳಿದ ಬೆಳಕೂ ಕಿರಿದಾಗುತ್ತ ಹೋಗುತ್ತದೆ. ಹುಲಿಯೂರುದುರ್ಗದಲ್ಲಿ ಟೈಲರ್ ಆಗಿದ್ದ ಅವಳ ಸೋದರಮಾವ ಕದರಯ್ಯನಿಗೂ ಹೀಗೇ ಆಗಿತ್ತು. ಸೂಜಿಗೆ ದಾರ ಪೋಣಿಸಲಾಗದ ದಿನ ಮನೆಯವರು ಅವನನ್ನು ಹೊರಗಿನ ಕೋಣೆಯ ಮಂಚದ ಮೇಲೆ ಕೂರಿಸಿದರು. ಅವನು ಅಲ್ಲೇ ಇಪ್ಪತ್ತಾರು ವರ್ಷ ಕೂತ. ಚಿಕ್ಕವಳಿದ್ದಾಗ ರಜೆಗೆ ಹೋದರೆ ಅವನಿಗೆ ಊಟದ ತಟ್ಟೆ ತೆಗೆದುಕೊಂಡು ಹೋಗುವುದು ಶಶಿಕಲಾಳ ಕೆಲಸ. ತಟ್ಟೆ ಇಟ್ಟು ಓಡಿ ಬರುತ್ತಿದ್ದಳು. ಒಂದು ಮಾತೂ ಆಡಿಸುತ್ತಿರಲಿಲ್ಲ. ತನಗೂ ಅದೇ ಕಾಯಿಲೆ ಎಂದು ಡಾಕ್ಟರು ಹೇಳಿದಾಗ ಅವಳ ಕಣ್ಣಮುಂದೆ ಬಂದದ್ದು ಕತ್ತಲೆಯಲ್ಲ, ಆ ಮಂಚ.

ಗಂಡ ಅನಂತರಾಜು ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮಾತು ಕಡಿಮೆ. ವಿಷಯ ತಿಳಿದ ಮೇಲೆ ಒಂದು ತಿಂಗಳು ಏನೂ ಹೇಳದೆ ಇದ್ದು, ನಂತರ ಒಂದು ಫೋನು ತರಿಸಿಕೊಟ್ಟ. ಅಂಗಡಿಯಲ್ಲಿ ಸಿಗುವಂಥದ್ದಲ್ಲ ಅದು. ಬೇಕಾದ ಹಾಗೆ ಹೇಳಿ ಮಾಡಿಸಿಕೊಳ್ಳುವ ದುಬಾರಿ ಫೋನು. ಹಿಂಬದಿ ಯಾವುದಿರಬೇಕು, ಗುಂಡಿ ಎಲ್ಲಿರಬೇಕು, ಯಾವ ಗುಂಡಿ ಏನು ಮಾಡಬೇಕು, ಎಲ್ಲವನ್ನೂ ನಾವೇ ಆರಿಸಬಹುದು. ಫಾರ್ಮಸಿ ಓದುತ್ತಿದ್ದ ಮಗಳು ಹರ್ಷಿತಾ ಎರಡು ದಿನ ಕೂತು ಆರಿಸಿದಳು. ಚೀಲದೊಳಗೆ ಕೈ ಹಾಕಿದರೆ ತಿಳಿಯಲಿ ಎಂದು ಒರಟು ಹಿಂಬದಿ, ಅದರ ಮೇಲೆ ಉಬ್ಬಿದ ಕನ್ನಡ ಅಕ್ಷರದಲ್ಲಿ 'ಶಶಿ'. ಕಪ್ಪು ಪರದೆಯ ಮೇಲೆ ಹಳದಿ ಅಕ್ಷರ. ಪಕ್ಕದ ಗುಂಡಿಯನ್ನು ಎರಡು ಸಲ ಒತ್ತಿ ಯಾವುದರ ಕಡೆ ಹಿಡಿದರೂ ಅಲ್ಲಿ ಬರೆದದ್ದನ್ನು ಕಿವಿಯ ಇಯರ್‌ಬಡ್ಡಿನಲ್ಲಿ ಓದಿ ಹೇಳುತ್ತಿತ್ತು. ಮನೆಯವರ ಗ್ರೂಪಿಗೆ ಬಂದ ಮೆಸೇಜನ್ನು ಒತ್ತುವುದೂ ಬೇಡ, ತಾನಾಗಿಯೇ ಓದುತ್ತಿತ್ತು.

ಅದನ್ನು ಹಿಡಿದುಕೊಂಡು ಶಶಿಕಲಾ ಮತ್ತೆ ಬಸ್ಸು ಹತ್ತಿದಳು. ಬೆಳಿಗ್ಗೆ ತುಮಕೂರಿನ ಮನೆಯಿಂದ ಗುಬ್ಬಿ, ಗುಬ್ಬಿಯಲ್ಲಿ ಇಳಿದು ಇನ್ನೊಂದು ಬಸ್ಸು. ಬಸ್ಸಿನ ಬೋರ್ಡಿನ ಕಡೆ ಫೋನು ಹಿಡಿದರೆ ಅದು "ಕಡಬ" ಎನ್ನುತ್ತಿತ್ತು. ಪಠ್ಯಪುಸ್ತಕ ಹೆಚ್ಚುಕಡಿಮೆ ಬಾಯಿಪಾಠವೇ ಆಗಿತ್ತು. ಹೊಸದಾಗಿ ಸೇರಿದ ಪಾಠಗಳನ್ನು ಬಸ್ಸಿನಲ್ಲೇ ಓದಿಸಿಕೊಂಡು ಹೋಗುತ್ತಿದ್ದಳು. ಸುತ್ತೋಲೆ, ಹಾಜರಿ ಪಟ್ಟಿ, ಊಟದ ಡಬ್ಬಿಯ ಮೇಲಿನ ಹೆಸರು, ಅಚ್ಚಾದದ್ದೆಲ್ಲ ಅವಳ ಕೈಗೆ ಮರಳಿ ಬಂತು.

ಹಾಗೆಂದು ಅದೇನೂ ಕಣ್ಣಲ್ಲ. ಮಕ್ಕಳ ಕೈಬರಹ ಅದಕ್ಕೆ ತಿಳಿಯುತ್ತಿರಲಿಲ್ಲ. ಒತ್ತಕ್ಷರ ಬಂದರೆ ಅರ್ಥವಿಲ್ಲದ್ದೇನೋ ಹೇಳುತ್ತಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸಿನ ಬೋರ್ಡು ಬಿಟ್ಟು ಹಿಂದಿನ ಗೋಡೆಯ ಮೇಲಿನ ಗೊಬ್ಬರದ ಜಾಹೀರಾತು ಓದುತ್ತಿತ್ತು. ಸೀಮೆಸುಣ್ಣ ಮೆತ್ತಿದ ಬೆರಳಿಗೆ ತೆರೆಯುತ್ತಿರಲಿಲ್ಲ. ಕ್ಯಾಮೆರಾ ಸದಾ ಕೆಲಸ ಮಾಡಿ ಮೂರು ಗಂಟೆಯ ಹೊತ್ತಿಗೆ ಕೈ ಸುಡುವಷ್ಟು ಕಾದು, ಚಾರ್ಜು ಮುಗಿಸಿಕೊಂಡು ಸುಮ್ಮನಾಗುತ್ತಿತ್ತು. ಕೆಟ್ಟರೆ ಬೆಂಗಳೂರಿಗೇ ಹೋಗಬೇಕು.

ಕೈಬರಹಕ್ಕೆ ಶಶಿಕಲಾ ತಾನೇ ದಾರಿ ಹುಡುಕಿದಳು. ಮಕ್ಕಳೇ ಎದ್ದು ನಿಂತು ತಮ್ಮ ಉತ್ತರ ಗಟ್ಟಿಯಾಗಿ ಓದಬೇಕು, ಉಳಿದವರು ತಪ್ಪು ಹಿಡಿಯಬೇಕು ಎಂದು ನಿಯಮ ಮಾಡಿದಳು. ಮಕ್ಕಳಿಗೆ ಅದು ರುಚಿಸಿತು. ಹೆಡ್‌ಮಾಸ್ಟರ್ ವೆಂಕಟರಂಗಯ್ಯ ಇದು ಒಳ್ಳೆಯ ಪದ್ಧತಿ, ಬೇರೆಯವರೂ ಕಲಿಯಿರಿ ಎಂದು ಮೀಟಿಂಗಿನಲ್ಲಿ ಹೊಗಳಿದರು. ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಮಾತ್ರ ಭಾನುವಾರ ಹರ್ಷಿತಾ ಓದುತ್ತಿದ್ದಳು, ತಾಯಿ ಅಂಕ ಹೇಳುತ್ತಿದ್ದಳು. ಎರಡು ವರ್ಷವೂ ಶಾಲೆಯಲ್ಲಿ ಒಳ್ಳೆಯ ಫಲಿತಾಂಶ ಬಂದದ್ದು ಸಮಾಜ ವಿಜ್ಞಾನಕ್ಕೇ. ಮೇಡಮ್ಮಿನ ಕಣ್ಣಿನ ಸುದ್ದಿ ಶಾಲೆಯಲ್ಲಿ ಯಾರಿಗೂ ತಿಳಿದಿರಲಿಲ್ಲ, ಅಥವಾ ತಿಳಿದಿಲ್ಲವೆಂದು ಅವಳು ನಂಬಿದ್ದಳು.

ಜನವರಿಯ ಒಂದು ಬುಧವಾರ ಬೆಳಿಗ್ಗೆ ಫೋನಿನ ದನಿ ಎಂದಿಗಿಂತ ಬೇರೆಯಾಗಿ ಕೇಳಿತು. ಅದು ತಾನಾಗಿಯೇ ಹೊಸ ಅಪ್‌ಡೇಟ್ ಹಾಕಿಕೊಂಡಿತ್ತು. ಹರ್ಷಿತಾಳಿಗೆ ಅಂದು ಪರೀಕ್ಷೆ. ಸಂಜೆ ನೋಡಿದರಾಯಿತು ಎಂದು ಶಶಿಕಲಾ ಬಸ್ಸು ಹಿಡಿದಳು.

ಮೂರನೇ ಪೀರಿಯಡ್ಡು ಒಂಬತ್ತನೇ 'ಬಿ'. ನಲವತ್ತೊಂದು ಮಕ್ಕಳು. ಅವಳು ಬೋರ್ಡಿನ ಮೇಲೆ ನದಿಗಳ ಹೆಸರು ಬರೆಯುತ್ತಿದ್ದಾಗ ಮೇಜಿನ ಮೇಲಿದ್ದ ಫೋನು ಮಾತಾಡತೊಡಗಿತು. ಇಯರ್‌ಬಡ್ಡಿನಲ್ಲಲ್ಲ; ಸ್ಪೀಕರಿನಲ್ಲಿ, ಹಿಂದಿನ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ, ಏರಿಳಿತವಿಲ್ಲದ ಹೆಣ್ಣು ದನಿಯಲ್ಲಿ.

"ಅನಂತರಾಜು ಅವರಿಂದ. ಸರ್ ನಮಸ್ಕಾರ. ಹೋದ ವಾರ ಹೇಳಿದ್ದೆನಲ್ಲ. ನಮ್ಮ ಮನೆಯವಳಿಗೆ ಈಗ ಎದುರಿಗೆ ನಿಂತವರೂ ಕಾಣುವುದಿಲ್ಲ. ನೀವೇ ಏನಾದರೂ ಕಾರಣ ಹೇಳಿ ಈ ವರ್ಷಕ್ಕೆ ಕೆಲಸ ಬಿಡಿಸಿ. ನಾನು ಹೇಳಿದ್ದೆಂದು ಅವಳಿಗೆ ಗೊತ್ತಾಗುವುದು ಬೇಡ."

ಹೆಡ್‌ಮಾಸ್ಟರಿಗೆ ಕಳಿಸಬೇಕಾದದ್ದನ್ನು ಅವನು ಅವಸರದಲ್ಲಿ ಮನೆಯ ಗ್ರೂಪಿಗೆ ಹಾಕಿದ್ದ. ಶಶಿಕಲಾ ಮೇಜು ತಡಕಿ ಫೋನು ಹಿಡಿದಳು. ಸುಣ್ಣದ ಬೆರಳಿಗೆ ಅದು ತೆರೆಯಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಅಷ್ಟರಲ್ಲಿ ಅದು ಕೊನೆಯ ವಾಕ್ಯವನ್ನೂ ಓದಿ ಮುಗಿಸಿತ್ತು.

ಮಕ್ಕಳು ತನ್ನ ಕಣ್ಣುಗಳನ್ನೇ ನೋಡುತ್ತಿದ್ದಾರೆಂದು ಅವಳಿಗೆ ತಿಳಿಯಿತು, ಅದನ್ನು ತಿಳಿಯಲು ಕಣ್ಣು ಬೇಕಿರಲಿಲ್ಲ. ಅವಳು ಬೋರ್ಡಿಗೆ ತಿರುಗಿ ಉಳಿದಿದ್ದ ಎರಡು ನದಿಗಳ ಹೆಸರನ್ನೂ ಬರೆದಳು. ಗಂಟೆ ಹೊಡೆಯುವವರೆಗೂ ಪಾಠ ಮಾಡಿದಳು. ಅಂದು ಯಾರನ್ನೂ ಎದ್ದು ಓದಲು ಹೇಳಲಿಲ್ಲ.

ಸಂಜೆ ವೆಂಕಟರಂಗಯ್ಯ ತಾವೇ ಕರೆದು ಕೂರಿಸಿದರು. ಒಳ್ಳೆಯ ಮನುಷ್ಯರು. ಅನಂತರಾಜು ಹೋದ ವಾರ ಬಂದು ಹೇಳಿದ್ದು ನಿಜ, ತಾನು ಒಪ್ಪಿರಲಿಲ್ಲ ಎಂದರು. ಅವಳ ಪಾಠದ ಮೇಲೆ ಇವತ್ತಿನವರೆಗೆ ಒಂದು ದೂರೂ ಇಲ್ಲ, ಮುಂದಿನ ವರ್ಷಕ್ಕೂ ಅವಳ ಹೆಸರು ಬರೆದಿಟ್ಟಿದ್ದೆ ಎಂದರು.

"ಹಂಗಾದ್ರೆ ಈಗ ಏನ್ ಬದಲಾಯ್ತು ಸಾರ್?" ಎಂದಳು ಶಶಿಕಲಾ.

"ಈಗ ನಲವತ್ತೊಂದು ಮನೆಗೆ ಗೊತ್ತಾಗಿದೆ ಮೇಡಂ. ಪೇಪರ್ ಯಾರು ತಿದ್ದಿದ್ರು ಅಂತ ನಾಳೆ ಪೇರೆಂಟ್ಸ್ ಬಂದು ಕೇಳ್ತಾರೆ. ನಾನೇನ್ ಹೇಳ್ಲಿ?"

ಉತ್ತರ ಪತ್ರಿಕೆ ಮನೆಯವರಿಂದ ಓದಿಸುವುದು ತಪ್ಪೆಂದು ಅವಳಿಗೂ ಗೊತ್ತಿತ್ತು. ರಾಜೀನಾಮೆ ಪತ್ರವನ್ನು ಫೋನಿಗೆ ಹೇಳಿ ಬರೆಸಬಹುದಿತ್ತು. ಬೇಡವೆನಿಸಿ ಕೈಯಲ್ಲೇ ಬರೆದಳು. ಒಂದು ಸಾಲು ಇನ್ನೊಂದರ ಮೇಲೆ ಹತ್ತಿತ್ತೋ ಏನೋ, ವೆಂಕಟರಂಗಯ್ಯ ಬಹಳ ಹೊತ್ತು ಹಿಡಿದು ಓದಿದರು.

ಮನೆಯಲ್ಲಿ ಅನಂತರಾಜು ಕಾಯುತ್ತಿದ್ದ. ಮಧ್ಯಾಹ್ನವೇ ಹರ್ಷಿತಾ ಫೋನು ಮಾಡಿ ಗ್ರೂಪಿಗೆ ಏನು ಹಾಕಿದ್ದೀಯೆಂದು ಅವನನ್ನು ಕೇಳಿದ್ದಳು. ಅವನು ಸುಳ್ಳು ಹೇಳಲಿಲ್ಲ. ಡಿಸೆಂಬರಿನಲ್ಲಿ ಗುಬ್ಬಿ ಬಸ್‌ಸ್ಟ್ಯಾಂಡಿನ ಹತ್ತಿರ ಬೈಕೊಂದು ಅವಳ ಸೀರೆ ಸವರಿಕೊಂಡು ಹೋದದ್ದನ್ನು ಅವನ ಜೊತೆ ಕೆಲಸ ಮಾಡುವ ಶಿವರಾಜ್ ಕಂಡಿದ್ದನಂತೆ. ಅಂದಿನಿಂದ ಕಾರ್ಖಾನೆಯಲ್ಲಿ ಫೋನು ಹೊಡೆದುಕೊಂಡಾಗಲೆಲ್ಲ ಅವಳಿಗೇ ಏನೋ ಆಯಿತೆಂದು ಓಡಿ ಹೋಗಿ ಎತ್ತುತ್ತಿದ್ದೆ ಎಂದ.

"ನನಗೇ ಹೇಳ್ಬೋದಿತ್ತಲ್ಲ."

"ಹೇಳಿದ್ರೆ ನೀನ್ ಎಲ್ಲಿ ಕೇಳ್ತಿದ್ದೆ? ಮನೇಲ್ ಕೂತ್ಕೊಂಡು ಹೊತ್ತು ಕಳೀಲಿ ಅಂತ ತರ್ಸಿಕೊಟ್ಟಿದ್ದು ಕಣೇ ಅದನ್ನ. ಹಾಡು ಕೇಳು, ಪೇಪರ್ ಓದಿಸ್ಕೊ ಅಂತ. ನೀನು ಅದನ್ನೇ ಇಟ್ಕೊಂಡು ಎರಡು ವರ್ಷ ಬಸ್ ಹತ್ತಿದೆ."

ಶಶಿಕಲಾ ಚಪ್ಪಲಿ ಬಿಡಲು ಹೋದವಳು ಹಾಗೇ ನಿಂತಳು. ಎರಡು ವರ್ಷ ಅವಳು ತಿಳಿದದ್ದು ಬೇರೆ. ನೀನು ಬಿಡಬೇಡ, ಹೋಗು ಎಂದು ಬಾಯಲ್ಲಿ ಹೇಳಲಾಗದ ಗಂಡ ಅದನ್ನು ಫೋನಿನಲ್ಲಿ ಹೇಳಿದ್ದಾನೆ ಎಂದುಕೊಂಡಿದ್ದಳು. ಅದನ್ನು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೆಮ್ಮೆಯಿಂದ ಮೇಜಿನ ಮೇಲೆ ಇಟ್ಟಿದ್ದಳು. ಅವನು ಕೊಟ್ಟದ್ದು ಕದರಯ್ಯ ಮಾವನ ಮಂಚವನ್ನೇ. ಇವಳಿಗೆ ಬೇಕಾದ ಹಾಗೆ ಮಾಡಿಸಿಕೊಟ್ಟಿದ್ದ, ಅಷ್ಟೇ.

ಹರ್ಷಿತಾ ಕಾಲೇಜಿನಿಂದ ಬಂದವಳೇ ಅಳುತ್ತ ಫೋನು ಸರಿಮಾಡಿದಳು. ಅಪ್‌ಡೇಟಿನಲ್ಲಿ ಅವಳು ಮಾಡಿಟ್ಟಿದ್ದ ಎರಡು ಸೆಟ್ಟಿಂಗ್ ಅಳಿಸಿ ಹೋಗಿದ್ದವು. ಹತ್ತು ನಿಮಿಷದ ಕೆಲಸ.

ಏಪ್ರಿಲಿನಲ್ಲಿ ಶಶಿಕಲಾ ಮನೆಯಲ್ಲೇ ಟ್ಯೂಷನ್ ಶುರು ಮಾಡಿದಳು. ಬೀದಿಯ ಮೂವರು ಮಕ್ಕಳು ಬಂದರು. ಮೇಡಮ್ಮಿಗೆ ನೋಟ್ಸು ನೋಡಲಾಗದೆಂದು ತಾಯಂದಿರಿಗೆ ತಿಳಿದ ಮೇಲೆ ಮೊದಲು ಒಬ್ಬಳು, ಆಮೇಲೆ ಉಳಿದಿಬ್ಬರೂ ಬಿಟ್ಟರು. ಅನಂತರಾಜು ಈಗ ನಿಶ್ಚಿಂತ. ಬಂದವರಿಗೆಲ್ಲ ಆ ಫೋನು ಏನೇನು ಮಾಡುತ್ತದೆಂದು ಹೇಳುತ್ತಾನೆ. ಮೊದಲ ಸಲ ಅವನು ಕೇಳಿದ್ದಕ್ಕೆ ಅವಳು ಪತ್ರಿಕೆಯ ತಲೆಬರಹ ಓದಿಸಿ ತೋರಿಸಿದಳು. ನೆಂಟರು ಆಶ್ಚರ್ಯಪಟ್ಟರು.

ಎರಡನೇ ಸಲ ಕುಣಿಗಲ್ಲಿನಿಂದ ಅವನ ಅಣ್ಣ ಸಿದ್ದಗಂಗಯ್ಯ ಬಂದಿದ್ದ. "ಶಶಿ, ಭಾವನಿಗೂ ಒಂಚೂರು ತೋರ್ಸು," ಎಂದು ಅನಂತರಾಜು ಕರೆದ. ಅವಳು ಬಂದು ಫೋನನ್ನು ಅವನ ಅಂಗೈಯಲ್ಲಿಟ್ಟಳು.

"ನೀವೇ ತೋರ್ಸಿ. ನಿಮ್ಗೋಸ್ಕರ ತಾನೇ ತರ್ಸಿದ್ದು," ಎಂದಳು.

ಅವನಿಗೆ ಅರ್ಥವಾಯಿತೋ ಇಲ್ಲವೋ, ಅಣ್ಣನ ಎದುರಿಗೆ ನಕ್ಕ. ಸಿದ್ದಗಂಗಯ್ಯ ಮಾತು ಬದಲಿಸಿ ತೆಂಗಿನಕಾಯಿಯ ವಿಷಯ ತೆಗೆದ. ಶಶಿಕಲಾ ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಕಾಫಿ ಲೋಟಗಳನ್ನು ತೊಳೆಯತೊಡಗಿದಳು.