ತುಟಿ ನೋಡಿ ಕೇಳುತ್ತಿದ್ದ ವೈನಿ

ಮೊನ್ನೆ ದೇವರ ಜಗಲಿ ಒರೆಸುವಾಗ ಒಂದು ಗಾಜಿನ ಸೀಸೆ ಕೈಗೆ ಬಂತು. ಹೆಬ್ಬೆರಳಿನಷ್ಟು ಗಾತ್ರ, ರಬ್ಬರಿನ ಬಿರಡೆ, ಬಿರಡೆಯ ನಡುವೆ ಸೂಜಿ ಚುಚ್ಚಿದ ಗುರುತು. ಒಳಗೆ ವಿಭೂತಿ ಗಟ್ಟಿಯಾಗಿ ಕೂತಿತ್ತು. ಒಂದು ಕಾಲಕ್ಕೆ ಅದರಲ್ಲಿ ಇಂಜೆಕ್ಷನ್ನಿನ ಔಷಧಿಯಿತ್ತು. ತೊಳೆದು, ಒಣಗಿಸಿ, ವಿಭೂತಿ ತುಂಬಿ ನನಗೆ ಕೊಟ್ಟವಳು ಬಾಜೂ ಮನೆಯ ವೈನಿ...

ನಾನು ಮದುವೆಯಾಗಿ ಗಡಿಯಾಚೆಯ ಉದಗೀರಿನ ಈ ಓಣಿಗೆ ಬಂದಾಗ ಅವಳೂ ಹೆಚ್ಚುಕಡಿಮೆ ಹೊಸಬಳೇ. ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ಓಣಿಯವರೆಲ್ಲ ಅವಳನ್ನು ವೈನಿ ಎನ್ನುತ್ತಿದ್ದರು. ಗಂಡನ ಮನೆಯವರದು ಕಾಳಿನ ವ್ಯಾಪಾರ. ನಮ್ಮಿಬ್ಬರ ಮಾತು ನಡೆಯುತ್ತಿದ್ದದ್ದು ಗೋಡೆಯ ಮೇಲಿಂದ. ಅವಳು ರೊಟ್ಟಿ ಬಡಿಯುತ್ತ ಕೇಳುವಳು, ನಾನು ಪಾತ್ರೆ ತಿಕ್ಕುತ್ತ ಹೇಳುವೆ. ಅರ್ಧ ಕನ್ನಡ, ಅರ್ಧ ಮರಾಠಿ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಹತ್ತಿತೆಂಬುದು ನಮಗೇ ತಿಳಿಯುತ್ತಿರಲಿಲ್ಲ.

ಬರದ ವರ್ಷಗಳವು. ವಲಾಂಡಿ ಕಡೆಯ ಹಳ್ಳಿಗಳಿಂದ ಕಾಳಿನ ಬಂಡಿಗಳು ಪೇಟೆಗೆ ಬರುವುದು ನಿಂತು, ವೈನಿಯ ಮನೆಯವರ ಅಂಗಡಿಯಲ್ಲಿ ಬರಿದಾದ ಚೀಲಗಳನ್ನು ಮಡಚಿ ಒಟ್ಟಿದ್ದರು. ಎಲ್ಲರ ಮನೆಯಲ್ಲೂ ರೇಷನ್ನಿನ ಕೆಂಪು ಜೋಳದ ರೊಟ್ಟಿ. ಆ ಬೇಸಿಗೆ ವೈನಿಗೆ ಕೆಮ್ಮು ಹತ್ತಿತು. ಧೂಳಿಗೆ ಹೀಗಾಗಿದೆ ಎಂದು ಸುಮ್ಮನಿದ್ದೆವು. ಆಮೇಲೆ ಸಂಜೆಯಾದರೆ ಜ್ವರ. ಒಂದು ದಿನ ಸೆರಗಿನಲ್ಲಿ ರಕ್ತ ಕಂಡಿತು.

ಡಾಕ್ಟರು ಕ್ಷಯ ಎಂದರು. ದಿನಾ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಜೊತೆಗೆ ಗುಳಿಗೆ. ಅವಳ ಅತ್ತೆ ಅವಳ ತಾಟು, ತಂಬಿಗೆ ಬೇರೆ ಮಾಡಿದರು. ವೈನಿಗೆ ಇನ್ನೂ ಮಾತು ಬಾರದ ಹೆಣ್ಣುಕೂಸೊಂದಿತ್ತು, ಅದನ್ನು ಅವಳಿಂದ ದೂರ ಇಡಬೇಕಾಯಿತು. ಹಗಲೆಲ್ಲ ಅದು ನನ್ನ ಸೊಂಟದ ಮೇಲೆ. ವೈನಿ ಕಿಟಕಿಯ ಬಳಿ ಕೂತು ಅದರ ಕಾಲ್ಗೆಜ್ಜೆಯ ಸದ್ದು ಕೇಳುತ್ತಿದ್ದಳು.

ಔಷಧಿ ಹಿಡಿಯಿತು. ಜ್ವರ ಇಳಿಯಿತು, ಊಟ ಸೇರತೊಡಗಿತು. ಆದರೆ ನಡೆಯುವಾಗ ಯಾಕೋ ಓಲಾಡುವಳು, ಗೋಡೆ ಹಿಡಿಯುವಳು.

"ಕಿವ್ಯಾಗ ಜೀರುಂಡಿ ಹೊಕ್ಕಂಗ ಆಗ್ಯದ ನೋಡು," ಅಂದಳು. "ಒಂದೇ ಸವನ ಕುಂಯ್ ಅಂತದ."

ನಿಶ್ಶಕ್ತಿ ಇರಬೇಕು ಅಂದುಕೊಂಡೆವು... ಒಂದು ಮಧ್ಯಾಹ್ನ ಕೂಸು ಅಂಗಳದಲ್ಲಿ ಓಡಾಡುತ್ತಿತ್ತು. ವೈನಿ ಕಿಟಕಿಯಿಂದ ಕೂಗಿದಳು.

"ಕೂಸಿನ ಗೆಜ್ಜಿ ಯಾಕ ಬಿಚ್ಚೀದಿ?"

ಗೆಜ್ಜೆ ಕಾಲಲ್ಲೇ ಇದ್ದವು.

ಮರುದಿನ ಟಾಂಗಾದಲ್ಲಿ ಅವಳ ಗಂಡ, ಅವಳು, ನಾನು ದವಾಖಾನೆಗೆ ಹೋದೆವು. ಡಾಕ್ಟರು ಅವಳ ಕಿವಿಯ ಹತ್ತಿರ ಕೈಗಡಿಯಾರ ಹಿಡಿದರು. ಆಮೇಲೆ ಅದನ್ನು ಕಿವಿಗೆ ತಾಗಿಸಿದರು. ಕೇಳುತ್ತಿಲ್ಲವೆಂದು ಅವಳು ತಲೆ ಅಲ್ಲಾಡಿಸಿದಳು.

"ಕಿವಿ ಒಳಗ ಕಣ್ಣಿಗಿ ಕಾಣದಂಥ, ಕೂದಲಿನಂಥ ಎಳಿ ಇರೂ ಜೀವಕೋಶ ಇರ್ತಾವ," ಎಂದರು ಡಾಕ್ಟರು, ದನಿ ಎತ್ತರಿಸಿ. "ದನಿ ಬಂದ್ರ ಅವು ಅಲುಗತಾವ, ಅದಕ್ಕ ನಮಗ ಕೇಳಸ್ತದ. ಈ ಔಷಧ ಕ್ಷಯದ ಕ್ರಿಮಿ ಕೊಲ್ಲತದ, ಒಬ್ಬೊಬ್ಬರಿಗಿ ಆ ಕೋಶನೂ ಕೊಲ್ಲತದ. ಮೊದಲ ಸಣ್ಣ ದನಿ ಹೋಗ್ತದ, ಗೆಜ್ಜಿ, ಬಳಿ, ಗುಬ್ಬಿ. ಆಮ್ಯಾಲ ಮಾತು. ಹೋಗಿದ್ದು ತಿರುಗಿ ಬರಂಗಿಲ್ಲ."

"ಇಂಜೆಕ್ಷನ್ ಬಂದ್ ಮಾಡಿದ್ರ?" ಗಂಡ ಕೇಳಿದ.

"ರೋಗ ಇನ್ನೂ ಪೂರಾ ಹೋಗಿಲ್ರಿ. ಬರೇ ಗುಳಗಿ ಮ್ಯಾಲ ಭರೋಸಾ ಇಡೂದು ಕಠಿಣ ಅದ."

ವೈನಿ ಬಳೆಗಳನ್ನು ಮೇಲೆ ಕೆಳಗೆ ಮಾಡಿದಳು.

"ಕೂಸಿಗಿ ಯಾವಾಗ ಎತ್ಕೋಬಹುದ್ರಿ?"

"ಕ್ರಿಮಿ ಪೂರಾ ಹೋದ ಮ್ಯಾಲ."

"ಹಂಗಾದ್ರ ಹಾಕ್ರಿ. ಅದಕ್ಕ ತಾಯಿ ಬೇಕು. ಕಿವಿ ಕೇಳೂ ತಾಯೇ ಬೇಕಂತ ಅದೇನ್ ಹಟ ಮಾಡಂಗಿಲ್ಲ."

ಅಷ್ಟು ಹೇಳಿದವಳು ಟಾಂಗಾದಲ್ಲಿ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಇಂಜೆಕ್ಷನ್ ಮುಗಿಯುವ ಹೊತ್ತಿಗೆ ಕಿವಿಯೂ ಮುಗಿದಿತ್ತು. ಕ್ಷಯ ಮತ್ತೆ ಬರಲಿಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಬಾಯಿಯನ್ನೇ ನೋಡುತ್ತಿದ್ದಳು. ಕೂಸು ಒಂದೊಂದೇ ಮಾತು ಕಲಿತಂತೆ ಇವಳು ಅದರ ತುಟಿಯನ್ನು ಕಲಿತಳು. ಹಾಗೆ ನಮ್ಮೆಲ್ಲರ ತುಟಿಗಳನ್ನೂ.

ಆದರೆ ನಮ್ಮ ಬೆರಕೆ ಮಾತು ಅವಳಿಗೆ ದಕ್ಕುತ್ತಿರಲಿಲ್ಲ. ಕನ್ನಡದ ನಡುವೆ ಮರಾಠಿ ಬಂತೆಂದರೆ ಗೊಂದಲ.

"ಒಂದೇ ಭಾಷಾದಾಗ ಮಾತಾಡ್ರಿ," ಎಂದು ಒಂದು ದಿನ ಸಿಟ್ಟಾದಳು. "ನಡುವ ಭಾಷಾ ಬದಲ್ಸಿದ್ರಿ ಅಂದ್ರ ನಾ ದಾರ್ಯಾಗ ಇಳದು ಬಿಡ್ತೀನಿ."

ಯಾವ ಭಾಷೆ ಎಂದು ಕೇಳಿದೆ. ಮಗಳು ಮೊದಲು ಕಲಿತದ್ದೇ ಆಗಲಿ ಅಂದಳು. ಅಂದಿನಿಂದ ಓಣಿಯವರು ಅವಳೆದುರು ನಿಂತರೆ ನಿಧಾನವಾಗಿ, ಕಲಬೆರಕೆ ಇಲ್ಲದ ಕನ್ನಡ ಆಡತೊಡಗಿದರು. ಮರಾಠಿ ಮನೆಮಾತಿನ ಬಳೆಗಾರತಿ ಕೂಡ ಅವಳಿಗಾಗಿ ಒಂದಿಷ್ಟು ಕಲಿತಳು. ನನ್ನ ಮಕ್ಕಳು ಮರಾಠಿ ಶಾಲೆಗೆ ಹೋಗಿ ಕನ್ನಡ ಮರೆತರು. ಅದೇ ಶಾಲೆಗೆ ಹೋದ ಅವಳ ಮಗಳು ಮರೆಯಲಿಲ್ಲ. ಗೋಡೆಯ ಮೇಲಿನ ನಮ್ಮ ಹರಟೆ ಮಾತ್ರ ನಿಂತೇಹೋಯಿತು. ನಾನೇ ಸುತ್ತಿ ಬಂದು ಅವಳೆದುರು ಕೂಡಬೇಕಿತ್ತು.

ಈಗ ಇಂಥ ಔಷಧಿ ಕೊಡಬೇಕಾದರೆ ಕಿವಿ ಪರೀಕ್ಷೆ ಮಾಡುತ್ತಾರಂತೆ, ಬೇರೆ ಔಷಧಿಗಳೂ ಬಂದಿವೆಯಂತೆ... ವೈನಿ ಬಹಳ ವರ್ಷ ಬದುಕಿದಳು. ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಹೋದ ಚಳಿಗಾಲದಲ್ಲಿ ತೀರಿಕೊಂಡಳು.

ಕಳೆದ ವಾರ ನಿಲಂಗಾದಿಂದ ವೈನಿಯ ಮಗಳು ಬಂದಿದ್ದಳು. ಕಟ್ಟೆಯ ಮೇಲೆ ಕೂತು ಅವ್ವನ ಸುದ್ದಿ ಆಡುತ್ತ ಹೊತ್ತು ಮುಳುಗಿತು. ವೈನಿ ಇದ್ದಾಗ ಕತ್ತಲಾಗುವ ಮೊದಲೇ ಯಾರಾದರೂ ಎದ್ದು ದೀಪ ಹಾಕುತ್ತಿದ್ದೆವು; ಇಲ್ಲದಿದ್ದರೆ ಅವಳೊಬ್ಬಳೇ ಮಾತಿನ ಹೊರಗುಳಿಯುತ್ತಿದ್ದಳು. ಅಂದು ಒಬ್ಬರ ಮುಖ ಒಬ್ಬರಿಗೆ ಕಾಣದಾಯಿತು. ಮಾತು ನಡೆದೇ ಇತ್ತು. ದೀಪ ಹಾಕಲು ಇಬ್ಬರೂ ಏಳಲಿಲ್ಲ.