ರೊಟ್ಟಿ ಬಡಿದವರ ಹೆಸರು

ಯರಗುಪ್ಪಿಗೆ ಸಮೀಪದ ನಮ್ಮೂರಿನಲ್ಲಿ ಮಹಿಳಾ ಭವನದ ಉದ್ಘಾಟನೆ. ವೇದಿಕೆಯ ಮೇಲೆ ಒಬ್ಬ ಹೆಣ್ಣುಮಗಳಾದರೂ ಮಾತಾಡಬೇಕಲ್ಲ, ನನ್ನನ್ನು ಹಿಡಿದರು. ಕಾನ್ವೆಂಟಿನಲ್ಲಿ ಓದಿದವಳು, ಮೆತ್ತಗೆ ಮಾತಾಡುತ್ತಾಳೆ, ಐದು ನಿಮಿಷಕ್ಕೆ ಇಳಿಯುತ್ತಾಳೆ ಎಂಬ ಧೈರ್ಯ. ಕಮಿಟಿಯ ಅಧ್ಯಕ್ಷರು ನನ್ನ ಗಂಡನ ಕಾಕಾ. ಬರೆದದ್ದನ್ನು ಅವರಿಗೆ ತೋರಿಸಿದೆ. ಮೊದಲ ವಾಕ್ಯ ಹೀಗಿತ್ತು:

"ಇವತ್ತಿನ ಊಟಕ್ಕೆ ರೊಟ್ಟಿ ಬಡಿದವರಲ್ಲಿ ಒಬ್ಬಳ ಹೆಸರನ್ನಾದರೂ ಈ ವೇದಿಕೆಯ ಮೇಲಿರುವವರು ಹೇಳಲಿ, ಆಮೇಲೆ ನಾನು ಮಾತು ಶುರು ಮಾಡುತ್ತೇನೆ."

ನಮ್ಮ ಕಡೆ ಊರ ಕಾರ್ಯವೆಂದರೆ ಮನೆಮನೆಯಿಂದ ಜೋಳದ ರೊಟ್ಟಿ ಹೋಗಬೇಕು. ಟ್ರ್ಯಾಕ್ಟರ್ ಓಣಿ ಓಣಿ ತಿರುಗಿ ರೊಟ್ಟಿ ಕಟ್ಟಿದ ಬಟ್ಟೆಯ ಗಂಟುಗಳನ್ನು ಒಯ್ಯುತ್ತದೆ. ಊಟಕ್ಕೆ ಮುಂಚೆ ಮೈಕಿನಲ್ಲಿ ರೊಟ್ಟಿ ಕೊಟ್ಟವರ ಹೆಸರು ಓದುತ್ತಾರೆ, ಎಲ್ಲವೂ ಗಂಡಸರವೇ. ತೀರಿಹೋದ ನನ್ನ ಮಾವನವರ ಹೆಸರೂ ಇರುತ್ತದೆ. ಬದುಕಿದ್ದಾಗ ಅವರು ಒಲೆಯ ಹತ್ತಿರ ಬರುತ್ತಿದ್ದದ್ದು ಬೀಡಿ ಹಚ್ಚಿಕೊಳ್ಳಲು. ಈ ಸಲ ಹೆಂಗಸರ ಹೆಸರು ಓದಿಸಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಕಾಕಾ ಆ ವಾಕ್ಯದ ಮೇಲೆ ಗೆರೆ ಎಳೆದರು. ಸಾಲದೆಂದು ಇನ್ನೊಂದು ಎಳೆದರು.

"ಚಲೋ ಬರದೀಯವಾ. ಆದ್ರ ಮದಲ ಪೂಜ್ಯರೇ, ಗಣ್ಯರೇ ಅನ್ನು. ಬಂದ ಮಂದೀನ ಕೆಣಕಿ ಮಾತು ಶುರು ಮಾಡೂದು ಜಗಳಗಂಟರ ಕೆಲಸ."

"ಕಾಕಾರ, ಅದನ್ನ ತಗದ್ರ ಉಳಿಯೂದು ಬರೇ ಕಾಗದ್ರಿ."

"ಕಾಗದ ಇದ್ರ ಸಾಕಲಾ. ಓದಾಕ ಕರದೇವಿ."

ಆ ದಿನ ಮಹಿಳಾ ಭವನದ ಕುರ್ಚಿಗಳ ತುಂಬ ಗಂಡಸರು. ಹಿಂದಿನ ತಗಡಿನ ಶೆಡ್ಡಿನಲ್ಲಿ ಹೆಂಗಸರು ಪಾತ್ರೆ ಎಳೆದಾಡುವ ಸದ್ದು. ಮೈಕಿನ ಮುಂದೆ ನಿಂತು ಹೊಡೆದುಹಾಕಿದ ವಾಕ್ಯವನ್ನೇ ಓದಿದೆ. ದನಿ ಮೆತ್ತಗೇ ಇತ್ತು.

ವೇದಿಕೆಯ ಮೇಲೆ ಒಬ್ಬರು ಶಾಲಿನ ಅಂಚು ತಿದ್ದಿಕೊಂಡರು. ಇನ್ನೊಬ್ಬರು ನೀರಿನ ಬಾಟಲಿಯ ಮುಚ್ಚಳ ತಿರುವುತ್ತ ಕೂತರು. ಸುಳ್ಳು ಯಾಕೆ, ನನಗೆ ಹಿತವಾಯಿತು.

ಕಾಕಾ ಕೂತಲ್ಲಿಂದಲೇ ನಕ್ಕರು. "ಆತವಾ, ನಮಗ ಗೊತ್ತಿಲ್ಲ. ನಿಮ್ಮನಿ ರೊಟ್ಟಿ ಬಡದಾಕಿ ಹೆಸರು ನೀನ ಹೇಳು."

ನನಗೆ ಇಂದಿಗೂ ರೊಟ್ಟಿ ಸರಿಯಾಗಿ ಬಡಿಯಲು ಬಾರದು, ಅಂಚು ಸೀಳುತ್ತದೆ. ನಾಲ್ಕು ವರ್ಷಗಳಿಂದ ಒಬ್ಬಾಕೆ ಬಂದು ಬಡಿದುಕೊಡುತ್ತಾಳೆ. ಅವಳ ಕಿರುಬೆರಳಿನ ಸುಟ್ಟ ಕಲೆ ಗೊತ್ತು, ಚಹಾಕ್ಕೆ ಸಕ್ಕರೆ ಕಡಿಮೆ ಬೇಕೆಂಬುದು ಗೊತ್ತು. ಮನೆಮಂದಿಯೆಲ್ಲ ಕರೆಯುವುದು ಮಾತ್ರ ರೊಟ್ಟಿ ಅಕ್ಕ ಎಂದು. ನಾನೂ ಹಾಗೆಯೇ.

"ಹೇಳವಾ, ಮೈಕ್ ಐತಲ್ಲ."

ಸಭೆಯೆಲ್ಲ ನಕ್ಕಿತು. ನನಗೊಂದು ಹೆಸರು ಗೊತ್ತಿಲ್ಲದ್ದು, ಅವರಿಗೆ ಒಂದೂ ಗೊತ್ತಿಲ್ಲದ್ದಕ್ಕೆ ಸಮಜಾಯಿಷಿಯಾಯಿತು. ಆ ನಗುವಿನ ಮೇಲೆ ನನಗೆ ಈಗಲೂ ಸಿಟ್ಟಿದೆ. ಅದಕ್ಕೆ ಆಸ್ಪದ ಕೊಟ್ಟ ನನ್ನ ಮೇಲೆ ಇನ್ನೂ ಹೆಚ್ಚು. ಕೆಳಗಿಳಿದು ಬಂದೆ. ಮೈಕಿನಲ್ಲಿ ಎಂದಿನಂತೆ ಗಂಡಸರ ಹೆಸರು ಓದಿದರು, ನಮ್ಮ ಮಾವನವರದ್ದೂ.

ಮರುದಿನ ಮುಂಜಾನೆ ರೊಟ್ಟಿ ಅಕ್ಕ ಹಿಟ್ಟು ನಾದುವಾಗ ಅವಳ ಹೆಸರು ಕೇಳಿದೆ.

"ಯಾವ ಹೆಸರ್ರಿ ಅಕ್ಕಾರ? ತವರಮನೀದೋ, ಲಗ್ನದಾಗ ಇಟ್ಟದ್ದೋ?"

"ಯಾವುದರಿಂದ ಕರೀತಾರ?"

"ಎರಡರಿಂದನೂ ಯಾರೂ ಕರಿಯೂದಿಲ್ರಿ," ಎಂದು ಹಿಟ್ಟಿಗೆ ಇನ್ನಷ್ಟು ಬಿಸಿನೀರು ಹಾಕಿಕೊಂಡಳು.

ಎರಡನ್ನೂ ಬರೆದುಕೊಂಡು ನೆಟ್ಟಗೆ ಕಾಕಾರ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು.

"ನಮ್ಮನಿ ರೊಟ್ಟಿ ಬಡದಾಕಿ ಹೆಸರು ತಂದೀನ್ರಿ. ಈಗ ನಿಮ್ಮನೀದು ಹೇಳ್ರಿ."

ಕಾಕಾ ಪೇಪರಿನಿಂದ ತಲೆ ಎತ್ತಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೆ ಕೇಳುವಂತೆ, "ಏ, ಕೇಳಿಸ್ತೇನು, ಇಕೀಗೊಂದು ಕಪ್ ಚಹಾ ತಾ," ಎಂದರು.

ಚಹಾ ಬಂತು. ನಾನು ಮುಟ್ಟಲಿಲ್ಲ, ಅಲ್ಲಿಂದ ಏಳಲೂ ಇಲ್ಲ.